ವಯಸ್ಸಾದ ಮೇಲೆ ಥೈರಾಯ್ಡ್ ಮತ್ತು ಲಿವರ್: ಎರಡು ರಿಪೋರ್ಟನ್ನು ಒಟ್ಟಿಗೆ ಓದುವ ಬಗೆ

ಅರವತ್ತು ದಾಟಿದವರ ಫೈಲಿನಲ್ಲಿ ಥೈರಾಯ್ಡ್ ರಿಪೋರ್ಟ್ ಒಂದು ಕಡೆ, ಲಿವರ್ ರಿಪೋರ್ಟ್ ಇನ್ನೊಂದು ಕಡೆ ಇರುತ್ತದೆ. ಒಂದನ್ನು ಒಬ್ಬ ವೈದ್ಯರು ನೋಡಿದರೆ ಇನ್ನೊಂದನ್ನು ಮತ್ತೊಬ್ಬರು ನೋಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಮೇಲೆ ವಯಸ್ಸನ್ನು ಬರೆದು ಓದಿದರೆ ಎಷ್ಟೋ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಬೇಡದ ಮಾತ್ರೆ ತಪ್ಪುತ್ತದೆ, ಬೇಕಾದ ಮಾತ್ರೆ ಸರಿಯಾದ ಪ್ರಮಾಣಕ್ಕೆ ಬರುತ್ತದೆ. ಹಾಗೆ ಓದುವುದು ಹೇಗೆ, ಮಾತ್ರೆ ತೆಗೆದುಕೊಳ್ಳುವಾಗ ಎಲ್ಲೆಲ್ಲಿ ಎಡವುತ್ತೇವೆ ಎಂಬುದು ಇಲ್ಲಿದೆ. ಮಾತ್ರೆಯನ್ನು ಶುರುಮಾಡುವುದು, ನಿಲ್ಲಿಸುವುದು, ಪ್ರಮಾಣ ಬದಲಿಸುವುದು ನಿಮ್ಮನ್ನು ನೋಡುವ ವೈದ್ಯರ ಜೊತೆ ಕೂತು ಆಗಬೇಕಾದ ಕೆಲಸ. ಆ ಮಾತುಕತೆಗೆ ತಯಾರಾಗಿ ಹೋಗಲು ಇದು ನೆರವಾಗಲಿ.

ಗ್ರಂಥಿ ಕುತ್ತಿಗೆಯಲ್ಲಿ, ಅರ್ಧ ಕೆಲಸ ಲಿವರಿನಲ್ಲಿ

ಥೈರಾಯ್ಡ್ ಗ್ರಂಥಿ ದಿನಕ್ಕೆ ಸುಮಾರು 80ರಿಂದ 100 ಮೈಕ್ರೋಗ್ರಾಂ ಟಿ4 ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಇದನ್ನು ದೊಡ್ಡ ನೋಟು ಎಂದುಕೊಳ್ಳಿ. ಜೀವಕೋಶಗಳು ಖರ್ಚು ಮಾಡುವುದು ಚಿಲ್ಲರೆಯನ್ನು, ಅಂದರೆ ಟಿ3 ಹಾರ್ಮೋನನ್ನು. ದೇಹದಲ್ಲಿ ಓಡಾಡುವ ಟಿ3ಯಲ್ಲಿ ಗ್ರಂಥಿಯಿಂದ ನೇರವಾಗಿ ಬರುವುದು ಐದರಲ್ಲೊಂದು ಪಾಲು ಮಾತ್ರ. ಉಳಿದದ್ದು ಲಿವರ್, ಮೂತ್ರಪಿಂಡ, ಸ್ನಾಯು ಮುಂತಾದ ಕಡೆ ಟಿ4ನಿಂದ ಒಂದು ಅಯೋಡಿನ್ ಪರಮಾಣು ಕಳಚಿ ತಯಾರಾಗುತ್ತದೆ. ಕಳಚುವ ಕಿಣ್ವಗಳ ಹೆಸರು ಡಿಅಯೋಡಿನೇಸ್. ಅವುಗಳಲ್ಲಿ ಒಂದನೇ ಬಗೆ ಲಿವರಿನಲ್ಲಿ ಹೇರಳವಾಗಿದೆ. ಮೂರನೇ ಬಗೆಯದು ಟಿ4ನ ಬೇರೊಂದು ಪರಮಾಣುವನ್ನು ತೆಗೆದು, ಕೆಲಸಕ್ಕೆ ಬಾರದ ರಿವರ್ಸ್ ಟಿ3 ಮಾಡಿಬಿಡುತ್ತದೆ. ಕಾಯಿಲೆ, ಉಪವಾಸ, ಲಿವರ್ ಸೋತ ಸ್ಥಿತಿಯಲ್ಲಿ ತಕ್ಕಡಿ ಈ ಕಡೆಗೆ ವಾಲುತ್ತದೆ.

ರಕ್ತದಲ್ಲಿ ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನುಗಳು ಕೂಡ ಲಿವರಿನದೇ ತಯಾರಿಕೆ. ಥೈರಾಕ್ಸಿನ್ ಬೈಂಡಿಂಗ್ ಗ್ಲಾಬ್ಯುಲಿನ್, ಟ್ರಾನ್ಸ್‌ಥೈರೆಟಿನ್, ಆಲ್ಬುಮಿನ್ ಎಂಬ ಈ ಮೂರು ಟಿ4ನ 99.9 ಶೇಕಡಕ್ಕಿಂತ ಹೆಚ್ಚು ಭಾಗವನ್ನು ಹಿಡಿದಿಟ್ಟುಕೊಂಡಿರುತ್ತವೆ. ಬಿಡುವಾಗಿ ಉಳಿಯುವ ಚೂರಿಗೇ ಫ್ರೀ ಟಿ4 ಎಂದು ಹೆಸರು, ಕೆಲಸ ಮಾಡುವುದೂ ಅದೇ. ಲಿವರಿಗೆ ಪೆಟ್ಟು ಬಿದ್ದಾಗ ವಾಹಕ ಪ್ರೋಟೀನುಗಳ ಲೆಕ್ಕ ಬದಲಾಗುತ್ತದೆ. ಹಠಾತ್ತಾಗಿ ಬರುವ ಲಿವರಿನ ಉರಿಯೂತದಲ್ಲಿ, ಅಂದರೆ ತೀವ್ರ ಹೆಪಟೈಟಿಸ್‌ನಲ್ಲಿ, ಗ್ಲಾಬ್ಯುಲಿನ್ ಏರಿ ಟೋಟಲ್ ಟಿ4 ಹೆಚ್ಚಿದಂತೆ ಕಾಣುತ್ತದೆ, ಫ್ರೀ ಟಿ4 ಸರಿಯಾಗಿಯೇ ಇರುತ್ತದೆ. ಹಾಗಾಗಿ ಲಿವರ್ ತೊಂದರೆ ಇದ್ದವರು ಟೋಟಲ್ ಟಿ3, ಟೋಟಲ್ ಟಿ4 ಇರುವ ಪ್ಯಾಕೇಜಿನ ಬದಲು ಟಿಎಸ್‌ಎಚ್ ಮತ್ತು ಫ್ರೀ ಟಿ4 ಕೇಳಿ ಮಾಡಿಸುವುದು ಒಳ್ಳೆಯದು. ಟಿಎಸ್‌ಎಚ್ ಎಂದರೆ ಕೆಲಸ ಮಾಡು ಎಂದು ಥೈರಾಯ್ಡಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು; ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಇದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ.

ಇದು ಒಂದು ದಿಕ್ಕು. ಇನ್ನೊಂದು ದಿಕ್ಕಿನಲ್ಲಿ ಹಾರ್ಮೋನು ಲಿವರಿಗೆ ಆಜ್ಞೆ ಕೊಡುತ್ತದೆ. ರಕ್ತದಿಂದ ಎಲ್‌ಡಿಎಲ್ ಕೊಲೆಸ್ಟರಾಲನ್ನು ಒಳಗೆಳೆದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸು, ಕೊಲೆಸ್ಟರಾಲನ್ನು ಪಿತ್ತರಸವಾಗಿಸು, ಕೊಬ್ಬನ್ನು ಸುಡು ಎಂದು. ಹಾರ್ಮೋನು ಕಡಿಮೆಯಾದರೆ ಈ ಮೂರೂ ನಿಧಾನವಾಗುತ್ತವೆ. ಎಲ್‌ಡಿಎಲ್ ಏರುತ್ತದೆ, ಟ್ರೈಗ್ಲಿಸರೈಡ್ ಕೂಡ ಏರಬಹುದು, ಲಿವರಿನಲ್ಲಿ ಕೊಬ್ಬು ಕೂರಲು ದಾರಿಯಾಗುತ್ತದೆ.

ರಕ್ತ ಕೊಡುವ ಮೊದಲು

ತಪ್ಪು ರಿಪೋರ್ಟಿನ ಮೇಲೆ ಸರಿಯಾದ ಚಿಕಿತ್ಸೆ ಕಟ್ಟಲಾಗದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಒಮ್ಮೆ ಬೆಳಗ್ಗೆ 8ಕ್ಕೆ, ಇನ್ನೊಮ್ಮೆ ಮಧ್ಯಾಹ್ನ 3ಕ್ಕೆ ರಕ್ತ ಕೊಟ್ಟರೆ ಕಾಯಿಲೆ ಬದಲಾಗದಿದ್ದರೂ ಅಂಕಿ ಬದಲಾಗುತ್ತದೆ. ಪ್ರತಿ ಸಲ ಒಂದೇ ಹೊತ್ತಿಗೆ, ಸಾಧ್ಯವಾದರೆ ಬೆಳಗ್ಗೆ, ಅದೇ ಲ್ಯಾಬಿನಲ್ಲಿ ಕೊಡಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಲಿ. ನುಂಗಿದ ಕೆಲವು ಗಂಟೆ ಫ್ರೀ ಟಿ4 ತಾತ್ಕಾಲಿಕವಾಗಿ ಮೇಲೇರಿರುತ್ತದೆ.

ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆಗಳದು ಇನ್ನೊಂದು ತೊಡಕು. ಬಹಳಷ್ಟು ಲ್ಯಾಬ್ ಯಂತ್ರಗಳ ಪರೀಕ್ಷಾ ವಿಧಾನವೇ ಬಯೋಟಿನ್ ಹಿಡಿಯುವ ಪ್ರೋಟೀನಿನ ಮೇಲೆ ನಿಂತಿದೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಫ್ರೀ ಟಿ4 ಸುಳ್ಳಾಗಿ ಹೆಚ್ಚು ತೋರುತ್ತದೆ. ನೋಡಿದವರಿಗೆ ಇದು ಹೈಪರ್‌ಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನು ಹೆಚ್ಚಾದ ಸ್ಥಿತಿ, ಎಂದೇ ಅನಿಸುತ್ತದೆ. ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಿ. 5 ಅಥವಾ 10 ಮಿಲಿಗ್ರಾಂನಂಥ ದೊಡ್ಡ ಡೋಸ್ ಇದ್ದರೆ ಲ್ಯಾಬಿನವರಿಗೂ ಹೇಳಿ. ದಿನಕ್ಕೆ ಬೇಕಿರುವುದು 30 ಮೈಕ್ರೋಗ್ರಾಂ ಅಷ್ಟೇ.

ಜ್ವರ, ನ್ಯುಮೋನಿಯ, ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸದ ನಡುವೆ ಮಾಡಿದ ಥೈರಾಯ್ಡ್ ಪರೀಕ್ಷೆಯನ್ನು ನಂಬಬೇಡಿ. ಕಾಯಿಲೆಯಲ್ಲಿ ಮೊದಲು ಟಿ3 ಕುಸಿಯುತ್ತದೆ. ಗುಣಮುಖರಾಗುವಾಗ ಟಿಎಸ್‌ಎಚ್ ಕೆಲವು ವಾರ ಮೇಲೇರಿ, 20ರವರೆಗೂ ಹೋಗಿ, ತಾನಾಗಿ ಇಳಿಯಬಹುದು. ಆಸ್ಪತ್ರೆಯಿಂದ ಬಂದು 6 ವಾರ ಕಳೆದ ಮೇಲೆ ಮತ್ತೆ ಮಾಡಿಸಿ. ಜೀವಕ್ಕೆ ಅಪಾಯವಿರುವ ಥೈರಾಯ್ಡ್ ತೊಂದರೆಯ ಅನುಮಾನವಿದ್ದರೆ ಮಾತು ಬೇರೆ. ಆಗ ಕಾಯುವುದಿಲ್ಲ.

ಅಂಕಿಯ ಪಕ್ಕದಲ್ಲಿ ವಯಸ್ಸು ಬರೆಯಿರಿ

ಹೆಚ್ಚಿನ ಲ್ಯಾಬುಗಳು ಟಿಎಸ್‌ಎಚ್‌ಗೆ 0.4ರಿಂದ 4.0 ಅಥವಾ 4.5ರವರೆಗಿನ ಮಿತಿ ಮುದ್ರಿಸುತ್ತವೆ. ಇಪ್ಪತ್ತೈದರವರಿಗೂ ಎಂಬತ್ತೈದರವರಿಗೂ ಅದೇ ಮಿತಿ. ಆದರೆ ಆರೋಗ್ಯವಂತರಲ್ಲೂ ವಯಸ್ಸಾದಂತೆ ಟಿಎಸ್‌ಎಚ್ ಮೆಲ್ಲಗೆ ಏರುತ್ತದೆ. ಎಂಬತ್ತು ದಾಟಿದವರಲ್ಲಿ 6 ಅಥವಾ 7 ಕಂಡರೆ ಅದು ಕಾಯಿಲೆಯೇ ಆಗಿರಬೇಕಿಲ್ಲ, ಆ ವಯಸ್ಸಿನ ಸಹಜ ಮಟ್ಟವೇ ಆಗಿರಬಹುದು. ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ 85 ವರ್ಷದವರನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಿಎಸ್‌ಎಚ್ ಹೆಚ್ಚಿದ್ದವರು ಬೇಗ ಸಾಯಲಿಲ್ಲ, ಬದಲಿಗೆ ಹೆಚ್ಚು ಕಾಲ ಬದುಕಿದರು. ಇದನ್ನು ಓದಿ ಯಾರೂ ಇರುವ ಮಾತ್ರೆ ಬಿಡಬಾರದು. ಇಳಿವಯಸ್ಸಿನಲ್ಲಿ ದೇಹದ ವೇಗ ಸ್ವಲ್ಪ ತಗ್ಗುವುದೆಲ್ಲ ಕೆಡುಕಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ.

ಇನ್ನೊಂದು ಗಣಿತ ನೆನಪಿರಲಿ. ಫ್ರೀ ಟಿ4 ಅರ್ಧದಷ್ಟಾದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ನೂರು ಪಟ್ಟಿನ ಆಸುಪಾಸು ಏರಬಲ್ಲದು. ಅಷ್ಟು ಸೂಕ್ಷ್ಮ ಅಳತೆಗೋಲು ಅದು. ಹಾಗಾಗಿ 3.8 ಇದ್ದದ್ದು 5.1 ಆದರೆ ಹಾರ್ಮೋನಿನಲ್ಲಿ ಆಗಿರುವ ಬದಲಾವಣೆ ಅತ್ಯಲ್ಪ. ಹೌಹಾರುವಂಥದ್ದೇನಲ್ಲ.

ಟಿಎಸ್‌ಎಚ್ ಹೆಚ್ಚಿದ್ದು ಫ್ರೀ ಟಿ4 ಸರಿಯಿದ್ದರೆ ಅದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್, ಅಂದರೆ ಹಾರ್ಮೋನು ಕಡಿಮೆಯಾಗುವ ಹೈಪೋಥೈರಾಯ್ಡ್ ಕಾಯಿಲೆಯ ಸೌಮ್ಯ ರೂಪ, ಎನ್ನುತ್ತಾರೆ. ಅತಿ ಹೆಚ್ಚು ಬೇಡದ ಮಾತ್ರೆಗಳು ಶುರುವಾಗುವುದು ಇಲ್ಲಿ. ಟ್ರಸ್ಟ್ ಎಂಬ ಹೆಸರಿನ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 65 ದಾಟಿದ 737 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಿವೊಥೈರಾಕ್ಸಿನ್ (ಟಿ4 ಇರುವ ಸಾಮಾನ್ಯ ಥೈರಾಯ್ಡ್ ಮಾತ್ರೆ), ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ವರ್ಷದ ಬಳಿಕ ಸುಸ್ತಿನಲ್ಲಾಗಲಿ, ಥೈರಾಯ್ಡ್ ಲಕ್ಷಣಗಳಲ್ಲಾಗಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಹುಸಿಮಾತ್ರೆ ತಿಂದವರ ಟಿಎಸ್‌ಎಚ್ ಕೂಡ ಸರಾಸರಿ 6.4ರಿಂದ 5.5ರ ಹತ್ತಿರಕ್ಕೆ ತಾನಾಗಿ ಇಳಿದಿತ್ತು.

ಆದ್ದರಿಂದ ಹಿರಿಯರಲ್ಲಿ ಟಿಎಸ್‌ಎಚ್ 4.5ರಿಂದ 10ರ ನಡುವೆ ಬಂದರೆ ಕ್ರಮ ಹೀಗಿರಲಿ. ಮೊದಲು 2–3 ತಿಂಗಳು ಬಿಟ್ಟು ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಮತ್ತೆ ಮಾಡಿಸಿ, ಜೊತೆಗೆ ಒಂದೇ ಒಂದು ಸಲ ಟಿಪಿಒ ಆ್ಯಂಟಿಬಾಡಿ, ಅಂದರೆ ಥೈರಾಯ್ಡ್ ಗ್ರಂಥಿಯ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ, ನೋಡಿಸಿ. ಆ್ಯಂಟಿಬಾಡಿ ಇದ್ದರೆ ಗ್ರಂಥಿ ಮುಂದೆ ಸೋಲುವ ಸಂಭವ ಹೆಚ್ಚು. ಇಂಗ್ಲೆಂಡಿನ ವಿಕಮ್ ಸಮೀಕ್ಷೆಯ 20 ವರ್ಷಗಳ ಲೆಕ್ಕದಲ್ಲಿ, ಆ್ಯಂಟಿಬಾಡಿಯೂ ಏರಿದ ಟಿಎಸ್‌ಎಚ್ ಕೂಡ ಇದ್ದ ಮಹಿಳೆಯರಲ್ಲಿ ವರ್ಷಕ್ಕೆ ಶೇಕಡ 4.3 ಮಂದಿಗೆ ಪೂರ್ಣ ಹೈಪೋಥೈರಾಯ್ಡ್ ಆಯಿತು. ಅಂಥವರಿಗೆ 6–12 ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಆ್ಯಂಟಿಬಾಡಿ ಪರೀಕ್ಷೆಯನ್ನು ಮಾತ್ರ ಪದೇ ಪದೇ ಮಾಡಿಸುವ ಅಗತ್ಯವಿಲ್ಲ, ಅದರ ಏರಿಳಿತ ಚಿಕಿತ್ಸೆಯನ್ನು ಬದಲಿಸುವುದಿಲ್ಲ.

ಟಿಎಸ್‌ಎಚ್ 10 ದಾಟಿ ಎರಡು ಸಲವೂ ಹಾಗೇ ಬಂದರೆ ಮಾತ್ರೆಯ ಮಾತು ಗಂಭೀರವಾಗಿ ಆಗಬೇಕು. ಫ್ರೀ ಟಿ4 ಮಿತಿಗಿಂತ ಕೆಳಗಿದ್ದರಂತೂ ಯಾವ ವಯಸ್ಸಿನಲ್ಲೂ ಚಿಕಿತ್ಸೆ ಬೇಕೇ ಬೇಕು.

ಲಕ್ಷಣಗಳನ್ನು ನಂಬಿ ಕೂರುವುದು ಹಿರಿಯರಲ್ಲಿ ಕಷ್ಟ. ಮಲಬದ್ಧತೆ, ಒಣ ಚರ್ಮ, ಚಳಿ, ಮರೆವು, ಮಂಕು, ಇವೆಲ್ಲ ವಯಸ್ಸಿನ ಲೆಕ್ಕಕ್ಕೂ ಸೇರುತ್ತವೆ, ಥೈರಾಯ್ಡ್ ಲೆಕ್ಕಕ್ಕೂ ಸೇರುತ್ತವೆ. ಹಾರ್ಮೋನು ಹೆಚ್ಚಾದಾಗ ಯುವಕರಲ್ಲಿ ಕಾಣುವ ಕೈನಡುಕ, ಚಡಪಡಿಕೆ, ಬೆವರು ಹಿರಿಯರಲ್ಲಿ ಕಾಣದೇ ಇರಬಹುದು. ತೂಕ ಇಳಿಯುವುದು, ಊಟ ಸೇರದಿರುವುದು, ಮೂಲೆಯಲ್ಲಿ ಸುಮ್ಮನೆ ಕೂರುವುದು, ಹೃದಯದ ಲಯ ತಪ್ಪುವುದು ಇಷ್ಟೇ ಇರಬಹುದು. ಖಿನ್ನತೆ ಎಂದು ಹಣೆಪಟ್ಟಿ ಹಚ್ಚುವ ಮೊದಲು ಒಂದು ಟಿಎಸ್‌ಎಚ್ ಮಾಡಿಸಿ.

ಮಾತ್ರೆ: ಪ್ರಮಾಣ, ಹೊತ್ತು, ಅಂತರ

ಹೃದಯ ಗಟ್ಟಿಯಿರುವ ಯುವಕರಿಗೆ ಲಿವೊಥೈರಾಕ್ಸಿನ್ ಪೂರ್ಣ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ. 60 ಕಿಲೋ ಇದ್ದರೆ 96, ಅಂದರೆ 100ರ ಮಾತ್ರೆ. ಈ ಲೆಕ್ಕವನ್ನು ಹಿರಿಯರ ಮೇಲೆ ನೇರವಾಗಿ ಹೇರಬಾರದು. ಅವರಿಗೆ ಬೇಕಾಗುವ ಒಟ್ಟು ಪ್ರಮಾಣವೇ ಕಡಿಮೆ. ಜೊತೆಗೆ ನಿಧಾನವಾಗಿದ್ದ ಹೃದಯವನ್ನು ಒಮ್ಮೆಲೇ ಓಡಿಸಿದರೆ ಎದೆನೋವು, ಲಯ ತಪ್ಪುವಿಕೆ ಬರಬಹುದು. ಹೃದಯದ ಕಾಯಿಲೆ ಇರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರುಮಾಡಿ, 6–8 ವಾರಕ್ಕೊಮ್ಮೆ ಪರೀಕ್ಷಿಸುತ್ತ 12.5–25ರಷ್ಟು ಏರಿಸುವುದು ರೂಢಿ. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ 4–6ರ ನಡುವೆ ನಿಂತರೂ ಸಾಕು ಎಂದು ಅಮೆರಿಕದ ಥೈರಾಯ್ಡ್ ಅಸೋಸಿಯೇಷನ್ 2014ರ ಮಾರ್ಗಸೂಚಿಯಲ್ಲಿ ಹೇಳಿದೆ. ಅವರನ್ನು 1.5ಕ್ಕೆ ಎಳೆದು ತರುವ ಹಟ ಬೇಡ.

ಟಿ4ನ ಅರ್ಧಾಯು, ಅಂದರೆ ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 7 ದಿನ. ಇದೊಂದು ಸಂಗತಿಯಿಂದ ಹಲವು ಪ್ರಶ್ನೆಗೆ ಉತ್ತರ ಸಿಗುತ್ತದೆ. ಪ್ರಮಾಣ ಬದಲಿಸಿದ ಎರಡೇ ವಾರಕ್ಕೆ ಪರೀಕ್ಷೆ ಮಾಡಿಸಿದರೆ ಅಂಕಿ ಇನ್ನೂ ಚಲಿಸುತ್ತಿರುತ್ತದೆ, ಅದನ್ನು ನೋಡಿ ಮತ್ತೆ ಬದಲಿಸಿದರೆ ಉಯ್ಯಾಲೆ ಶುರು. ಒಂದು ದಿನ ಮಾತ್ರೆ ಮರೆತರೆ ಅನಾಹುತವಿಲ್ಲ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವಾಗ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ. ಹೃದಯದ ತೊಂದರೆ ಇದ್ದವರು ಮರುದಿನ ಎರಡು ನುಂಗಬಾರದು. ದೇಹ ನೋಡುವುದು ವಾರದ ಒಟ್ಟು ಮೊತ್ತವನ್ನು. 75ರ ಮಾತ್ರೆ ತೆಗೆದುಕೊಳ್ಳುವವರ ವಾರದ ಮೊತ್ತ 525. ಟಿಎಸ್‌ಎಚ್ ತೀರ ಇಳಿದಾಗ ವೈದ್ಯರು ವಾರದಲ್ಲಿ ಒಂದು ದಿನ ಬಿಡಿ ಎಂದರೆ ಮೊತ್ತ 450 ಆಗುತ್ತದೆ, ಶೇಕಡ 14ರಷ್ಟು ಕಡಿತ. ಅದು ಅಸಡ್ಡೆಯ ಸಲಹೆಯಲ್ಲ, ಮಾತ್ರೆ ಒಡೆಯದೆ ಪ್ರಮಾಣ ತಗ್ಗಿಸುವ ಉಪಾಯ.

ಮಾತ್ರೆಯನ್ನು ಬೆಳಗ್ಗೆ ಎದ್ದ ಕೂಡಲೆ ಬರೀ ನೀರಿನಲ್ಲಿ ನುಂಗಿ, ತಿಂಡಿ ಮತ್ತು ಕಾಫಿಗೆ 30ರಿಂದ 60 ನಿಮಿಷ ಬಿಡಬೇಕು. ಬೆಳಗ್ಗೆ ಆಗದವರು ರಾತ್ರಿ ಊಟವಾಗಿ 3 ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು, ಪರಿಣಾಮ ಕಡಿಮೆಯಾಗದು. ಬೆಳಗ್ಗೆ ಬೇರೆ ಹತ್ತು ಮಾತ್ರೆ ನುಂಗುವ ಹಿರಿಯರಿಗೆ ರಾತ್ರಿಯೇ ಎಷ್ಟೋ ಅನುಕೂಲ. ಕ್ಯಾಲ್ಸಿಯಂ, ಕಬ್ಬಿಣ, ಅಲ್ಯೂಮಿನಿಯಂ ಇರುವ ಆ್ಯಸಿಡಿಟಿ ಔಷಧಗಳು ಕರುಳಿನಲ್ಲೇ ಹಾರ್ಮೋನಿಗೆ ಅಂಟಿಕೊಂಡು ಹೀರಿಕೆಯನ್ನು ತಡೆಯುತ್ತವೆ. ಅವುಗಳಿಗೆ 4 ಗಂಟೆ ಅಂತರ ಬೇಕು. ಮಲ್ಟಿವಿಟಮಿನ್ ಒಳಗೂ ಕಬ್ಬಿಣ, ಕ್ಯಾಲ್ಸಿಯಂ ಇರುತ್ತದೆ ಎಂಬುದನ್ನು ಮರೆಯುವವರು ಬಹಳ. ಪಿತ್ತರಸ ಸರಿಯಾಗಿ ಹರಿಯದ ಲಿವರ್ ಕಾಯಿಲೆಯಲ್ಲಿ ತುರಿಕೆಗೆ ಕೊಡುವ ಕೊಲೆಸ್ಟಿರಮೈನ್ ಪುಡಿಯೂ ಹೀಗೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೂ ಕನಿಷ್ಠ 4 ಗಂಟೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳದ್ದು ಬೇರೆ ರೀತಿ. ಅವು ಹೊಟ್ಟೆಯ ಆಮ್ಲವನ್ನೇ ತಗ್ಗಿಸುವುದರಿಂದ ಮಾತ್ರೆ ಸರಿಯಾಗಿ ಕರಗುವುದಿಲ್ಲ, ಅಂತರ ಬಿಟ್ಟರೂ ಪ್ರಯೋಜನವಿಲ್ಲ. ಅಂಥ ಔಷಧವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಲು ಶುರುಮಾಡಿದರೆ ಅಥವಾ ನಿಲ್ಲಿಸಿದರೆ 6–8 ವಾರಕ್ಕೆ ಟಿಎಸ್‌ಎಚ್ ನೋಡಿಸಿ.

ಡಬ್ಬಿ ಇಡುವ ಜಾಗವನ್ನೂ ನೋಡಿ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ವೈರಿ. ಒಲೆಯ ಪಕ್ಕದ ಕಪಾಟು, ಬಚ್ಚಲುಮನೆಯ ಗೂಡು, ಬಿಸಿಲಿನ ಕಿಟಕಿ ಬೇಡ. ಎಲ್ಲ ನಿಯಮ ಪಾಲಿಸಿದರೂ ಟಿಎಸ್‌ಎಚ್ ಏರುತ್ತಲೇ ಇದ್ದರೆ ಪ್ರಮಾಣ ಏರಿಸುವ ಮೊದಲು ಡಬ್ಬಿಯ ಜಾಗ, ಹೊಸ ಔಷಧಗಳು, ಬದಲಾದ ಬ್ರ್ಯಾಂಡ್, ಕೊನೆಗೆ ಗೋಧಿಯಲ್ಲಿನ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಈ ನಾಲ್ಕನ್ನು ಪರಿಶೀಲಿಸಬೇಕು.

ಕೆಳಗಿಳಿದ ಟಿಎಸ್‌ಎಚ್ ಹೆಚ್ಚು ಅಪಾಯ

ಟಿಎಸ್‌ಎಚ್ 6 ಎಂದರೆ ಗಾಬರಿಪಡುವ ಮನೆಯವರು 0.05 ಕಂಡರೆ ಥೈರಾಯ್ಡ್ ಕಂಟ್ರೋಲಿಗೆ ಬಂತು ಎಂದು ಸಮಾಧಾನಪಡುವುದುಂಟು. ಹಿರಿಯರಲ್ಲಿ ಅಪಾಯ ಇರುವುದು ಈ ಕಡೆಗೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 60 ದಾಟಿದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು 10 ವರ್ಷ ನೋಡಿದಾಗ, ಟಿಎಸ್‌ಎಚ್ 0.1ಕ್ಕಿಂತ ಕೆಳಗಿದ್ದವರಿಗೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದಯಲಯದ ತೊಂದರೆ ಬರುವ ಸಂಭವ ಮೂರು ಪಟ್ಟು ಇತ್ತು. ಅದರ ಬೆನ್ನಿಗೆ ಬರುವುದು ಪಾರ್ಶ್ವವಾಯು. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಸವೆದು ಸೊಂಟ, ಬೆನ್ನುಮೂಳೆ ಮುರಿಯುವ ಅಪಾಯವೂ ಸೇರುತ್ತದೆ. ಮಾತ್ರೆಯಿಂದಲೇ ಟಿಎಸ್‌ಎಚ್ ಇಳಿದಿದ್ದರೆ ಪ್ರಮಾಣ ತಗ್ಗಿಸಬೇಕು. ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬೇಕೆಂದೇ ಇಳಿಸಿಟ್ಟಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಮಾತ್ರೆಯಿಲ್ಲದೆ ತಾನಾಗಿ 0.1ಕ್ಕಿಂತ ಕೆಳಗೆ ಉಳಿದಿದ್ದರೆ, 65 ದಾಟಿದವರಿಗೆ ಲಕ್ಷಣ ಇರಲಿ ಇಲ್ಲದಿರಲಿ ಕಾರಣ ಹುಡುಕಿ ಚಿಕಿತ್ಸೆ ಕೊಡಬೇಕು.

ಲಿವರ್ ರಿಪೋರ್ಟನ್ನು ಪಕ್ಕಕ್ಕೆ ತನ್ನಿ

ಲಿವರ್ ರಿಪೋರ್ಟಿನಲ್ಲಿ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಕಿಣ್ವಗಳ ಅಂಕಿ ಇರುತ್ತದೆ. ಹೈಪೋಥೈರಾಯ್ಡ್ ಇರುವವರ ರಿಪೋರ್ಟಿನಲ್ಲಿ ಎಎಸ್‌ಟಿ ಏರಿದ್ದರೆ ಅದು ಲಿವರಿನದ್ದೇ ಎಂದು ತೀರ್ಮಾನಿಸಬೇಡಿ. ಎಎಸ್‌ಟಿ ಸ್ನಾಯುವಿನಲ್ಲೂ ಇದೆ, ಹಾರ್ಮೋನು ಕಡಿಮೆಯಾದಾಗ ಸ್ನಾಯುವಿನಿಂದ ಸೋರುತ್ತದೆ. ಸಿಪಿಕೆ ಎಂಬ ಸ್ನಾಯುವಿನ ಕಿಣ್ವವನ್ನು ಜೊತೆಗೆ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಸಿಪಿಕೆ ಏರಿದ್ದು ಎಎಲ್‌ಟಿ ಸುಮಾರಾಗಿ ಸರಿಯಿದ್ದರೆ ಮೂಲ ಸ್ನಾಯು.

ಲಿವರಿನ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಎಷ್ಟಿದೆ ಎಂದು ಅಂದಾಜಿಸಲು ಬಳಸುವ ಫಿಬ್-4 ಸೂತ್ರದಲ್ಲಿ ಇದು ನೇರವಾಗಿ ಎಡವಿಸುತ್ತದೆ. ಸೂತ್ರ ಸರಳ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 68 ವರ್ಷ, ಎಎಸ್‌ಟಿ 44, ಎಎಲ್‌ಟಿ 36, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ ಮೇಲೆ 68 ಗುಣಿಸು 44, ಅಂದರೆ 2992. ಕೆಳಗೆ 200 ಗುಣಿಸು 6, ಅಂದರೆ 1200. ಉತ್ತರ 2.49. ಅರವತ್ತೈದರ ಒಳಗಿನವರಿಗೆ 1.3ಕ್ಕಿಂತ ಕೆಳಗೆ ನಿಶ್ಚಿಂತೆ, ಅದರ ಮೇಲಿನವರಿಗೆ 2.0ಕ್ಕಿಂತ ಕೆಳಗೆ ನಿಶ್ಚಿಂತೆ. 2.67ಕ್ಕಿಂತ ಹೆಚ್ಚಾದರೆ ಹೆಚ್ಚಿನ ಫೈಬ್ರೋಸಿಸ್‌ನ ಅನುಮಾನ ಬಲವಾಗುತ್ತದೆ. 2.49 ನಡುವಿನ ಅನುಮಾನದ ವಲಯ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕಳಿಸಬೇಕು. ಇವರ ಥೈರಾಯ್ಡ್ ಸರಿಪಡಿಸಿದ ಮೇಲೆ ಎಎಸ್‌ಟಿ 30ಕ್ಕೆ ಇಳಿಯಿತು ಎನ್ನಿ. ಆಗ 2040 ಭಾಗಿಸು 1200, ಅಂದರೆ 1.7. ಲಿವರ್ ಬದಲಾಗಲಿಲ್ಲ, ಬದಲಾದದ್ದು ಸ್ನಾಯು. ಫಿಬ್-4 ಲೆಕ್ಕಕ್ಕೆ ಮೊದಲು ಟಿಎಸ್‌ಎಚ್ ನೋಡಬೇಕು ಎನ್ನುವುದು ಇದಕ್ಕೇ.

ಕೊಲೆಸ್ಟರಾಲಿಗೂ ಅದೇ ಮಾತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುಮಾಡುವ ಮೊದಲು ಟಿಎಸ್‌ಎಚ್ ಮಾಡಿಸಿ. ಪೂರ್ಣ ಹೈಪೋಥೈರಾಯ್ಡ್ ಇದ್ದರೆ ಹಾರ್ಮೋನು ಸರಿಯಾದಂತೆ ಎಲ್‌ಡಿಎಲ್ ಇಳಿಯುತ್ತದೆ. ಅದನ್ನು ಸರಿಪಡಿಸದೆ ಸ್ಟ್ಯಾಟಿನ್ ಕೊಟ್ಟರೆ ಸ್ನಾಯುನೋವು, ಸ್ನಾಯುಹಾನಿಯ ಸಂಭವ ಹೆಚ್ಚು. ಆಮೇಲೆ ಸ್ಟ್ಯಾಟಿನ್ ನನಗೆ ಆಗುವುದಿಲ್ಲ ಎಂಬ ತಪ್ಪು ತೀರ್ಮಾನ ಜೀವನವಿಡೀ ಅಂಟಿಕೊಳ್ಳುತ್ತದೆ.

ಹೈಪರ್‌ಥೈರಾಯ್ಡ್‌ನಲ್ಲಿ ಎಎಲ್‌ಟಿ, ಎಎಸ್‌ಟಿ ಜೊತೆಗೆ ಎಎಲ್‌ಪಿ ಎಂಬ ಇನ್ನೊಂದು ಕಿಣ್ವವೂ ಏರಬಹುದು. ಎಎಲ್‌ಪಿ ಮೂಳೆಯಿಂದಲೂ ಬರುತ್ತದೆ, ಲಿವರಿನಿಂದಲೂ ಬರುತ್ತದೆ. ಮೂಳೆಯಿಂದ ಬಾರದ ಜಿಜಿಟಿ ಎಂಬ ಕಿಣ್ವ ಸರಿಯಿದ್ದರೆ ಮೂಳೆಯದು ಎಂದು ತಿಳಿಯಬಹುದು. ಇಲ್ಲಿ ಮುಖ್ಯವಾದದ್ದು, ಥೈರಾಯ್ಡ್ ತಗ್ಗಿಸುವ ಔಷಧ ಶುರುಮಾಡುವ ಮೊದಲೇ ಲಿವರ್ ಪರೀಕ್ಷೆ ಮತ್ತು ರಕ್ತಕಣಗಳ ಎಣಿಕೆ ಮಾಡಿಸಿ ಇಟ್ಟುಕೊಳ್ಳುವುದು. ಮೊದಲಿನ ಅಂಕಿ ಇಲ್ಲದಿದ್ದರೆ, ಮುಂದೆ ಎಎಲ್‌ಟಿ ಏರಿದಾಗ ಅದು ಕಾಯಿಲೆಯದೋ ಔಷಧದ್ದೋ ಹೇಳುವವರಿಲ್ಲ. ಮೆಥಿಮಜೋಲ್ ಮತ್ತು ದೇಹದಲ್ಲಿ ಅದೇ ಆಗಿ ಬದಲಾಗುವ ಕಾರ್ಬಿಮಜೋಲ್ ಅಪರೂಪಕ್ಕೆ ಪಿತ್ತರಸದ ಹರಿವನ್ನು ತಡೆದು ಕಾಮಾಲೆ ತರುತ್ತವೆ. ಪ್ರೊಪೈಲ್‌ಥಯೊಯುರಾಸಿಲ್ ಇನ್ನೂ ಗಂಭೀರ: ಲಿವರ್ ಪೂರ್ತಿ ಸೋತ ಪ್ರಕರಣಗಳಿಂದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಅದರ ಮೇಲೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಈ ಮೂರರಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವಾಗ ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳಚು, ಮೈತುರಿಕೆ ಕಂಡರೆ, ಅಥವಾ ಜ್ವರದ ಜೊತೆ ಗಂಟಲುನೋವು ಬಂದರೆ, ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆಗೆ ಹೋಗಬೇಕು. ಗಂಟಲುನೋವು ಬಿಳಿರಕ್ತಕಣ ಕುಸಿದದ್ದರ ಸೂಚನೆ ಆಗಿರಬಹುದು.

ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆ ತುಂಬಿ ಗಟ್ಟಿಯಾದ ಸ್ಥಿತಿ, ಇರುವವರಲ್ಲಿ ಟಿ3 ಕಡಿಮೆ ಇರುವುದು ಸಾಮಾನ್ಯ, ಏಕೆಂದರೆ ಟಿ4ನ್ನು ಟಿ3 ಮಾಡುವ ಅಂಗವೇ ದಣಿದಿದೆ. ಟಿಎಸ್‌ಎಚ್ ಮತ್ತು ಫ್ರೀ ಟಿ4 ಸರಿಯಿದ್ದರೆ ಆ ಟಿ3ಗೆ ಮಾತ್ರೆ ಕೊಡುವುದಿಲ್ಲ. ಕಡಿಮೆ ಶಕ್ತಿಯಲ್ಲಿ ನಡೆಯಲು ದೇಹ ಮಾಡಿಕೊಂಡ ಹೊಂದಾಣಿಕೆ ಅದು ಎಂದು ಬಹುಪಾಲು ವೈದ್ಯರು ನೋಡುತ್ತಾರೆ. ಇದಕ್ಕೆ ತಿರುಗುಮುರುಗಾದ ಅಪರೂಪದ ಪ್ರಸಂಗವೂ ಇದೆ. ಲಿವರ್ ಕಾಯಿಲೆ ಎಂದುಕೊಂಡ ಹೊಟ್ಟೆಯ ನೀರು ತೀವ್ರ ಹೈಪೋಥೈರಾಯ್ಡ್‌ನಿಂದ ಬಂದಿರಬಹುದು. ತೆಗೆದ ನೀರಿನಲ್ಲಿ ಪ್ರೋಟೀನ್ ಹೆಚ್ಚಿದ್ದು, ಲಿವರ್ ಕಾರಣ ಸಿಗದಿದ್ದರೆ ಟಿಎಸ್‌ಎಚ್ ನೋಡಲೇಬೇಕು. ಅದು ಮಾತ್ರೆಯಿಂದ ವಾಸಿಯಾಗುವಂಥದ್ದು. ಹಾಗೆಯೇ ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಅಥವಾ ಪಿತ್ತನಾಳದ ಮೇಲೆ ತಿರುಗಿಬೀಳುವ ಆಟೊಇಮ್ಯೂನ್ ಹೆಪಟೈಟಿಸ್ ಅಥವಾ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಇರುವವರಲ್ಲಿ ಆಟೊಇಮ್ಯೂನ್ ಥೈರಾಯ್ಡ್ ಕಾಯಿಲೆ ಜೊತೆಗೂಡಿ ಬರುವುದು ಹೆಚ್ಚು, ಅವರಿಗೆ ಟಿಎಸ್‌ಎಚ್ ನಿಯತವಾಗಿ ಬೇಕು.

ಎರಡೂ ಅಂಗಕ್ಕೆ ಏಕಕಾಲಕ್ಕೆ ಕೈಹಾಕುವ ಔಷಧವೊಂದಿದೆ, ಹೃದಯಲಯಕ್ಕೆ ಕೊಡುವ ಅಮಿಯೊಡರೋನ್. ಅದರ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ, ವಯಸ್ಕರಿಗೆ ದಿನಕ್ಕೆ ಬೇಕಿರುವುದು 150 ಮೈಕ್ರೋಗ್ರಾಂ. ಥೈರಾಯ್ಡ್ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು, ಲಿವರಿಗೂ ಹಾನಿಯಾಗಬಹುದು. ಶುರುಮಾಡುವ ಮೊದಲು, ನಂತರ 6 ತಿಂಗಳಿಗೊಮ್ಮೆ ಟಿಎಸ್‌ಎಚ್ ಮತ್ತು ಲಿವರ್ ಪರೀಕ್ಷೆ ಒಟ್ಟಿಗೆ ಮಾಡಿಸಬೇಕು. ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವ ಔಷಧವಾದ್ದರಿಂದ ನಿಲ್ಲಿಸಿದ ಮೇಲೂ ಕೆಲ ಕಾಲ ಕಣ್ಣಿಟ್ಟಿರಬೇಕು.

ಕೊಬ್ಬಿನ ಲಿವರಿಗೆ ಥೈರಾಯ್ಡ್ ಮಾತ್ರೆ?

ಹಾರ್ಮೋನು ಕೊಬ್ಬು ಸುಡುತ್ತದೆ ಎಂದಾದರೆ, ಥೈರಾಯ್ಡ್ ಸರಿಯಿದ್ದವರೂ ಮಾತ್ರೆ ತಿಂದು ಲಿವರಿನ ಕೊಬ್ಬು ಕರಗಿಸಬಹುದಲ್ಲ ಎಂಬ ಯೋಚನೆ ಸಹಜ. ಬೇಡ. ಲಿವರಿನಲ್ಲಿ ಹಾರ್ಮೋನನ್ನು ಹಿಡಿದು ಕೆಲಸ ಮಾಡುವುದು ಮುಖ್ಯವಾಗಿ ಬೀಟಾ ಗ್ರಾಹಕ, ಹೃದಯದಲ್ಲಿ ಆಲ್ಫಾ ಗ್ರಾಹಕ. ಸಾಧಾರಣ ಥೈರಾಯ್ಡ್ ಮಾತ್ರೆ ಎರಡನ್ನೂ ತಟ್ಟುತ್ತದೆ. ಲಿವರಿಗೆ ಸಿಗುವ ಲಾಭಕ್ಕೆ ಹೃದಯ, ಮೂಳೆ ದಂಡ ತೆರಬೇಕಾಗುತ್ತದೆ. ಬೀಟಾವನ್ನೇ ಆರಿಸಿ ಹಿಡಿಯುವಂತೆ ರೂಪಿಸಿದ ರೆಸ್ಮೆಟಿರೋಮ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಕೊಬ್ಬಿನಿಂದ ಉರಿಯೂತವಾಗಿ ಮಧ್ಯಮದಿಂದ ಹೆಚ್ಚಿನ ಫೈಬ್ರೋಸಿಸ್ ಬಂದಿರುವ, ಆದರೆ ಸಿರೋಸಿಸ್ ಆಗಿರದ ವಯಸ್ಕರಿಗೆ, ಆಹಾರ ಮತ್ತು ವ್ಯಾಯಾಮದ ಜೊತೆಗೆ. ಅದನ್ನು ಥೈರಾಯ್ಡ್ ಮಾತ್ರೆಯ ಬದಲಿಗೆ ಕೊಡುವಂತಿಲ್ಲ, ಥೈರಾಯ್ಡ್ ಮಾತ್ರೆಯನ್ನು ಅದರ ಬದಲಿಗೆ ಕೊಡುವಂತಿಲ್ಲ.

ಉಳಿದವರಿಗೆ ದಾರಿ ತೂಕದ್ದೇ. ದೇಹತೂಕದ ಶೇಕಡ 5 ಇಳಿದರೆ ಲಿವರಿನ ಕೊಬ್ಬು ತಗ್ಗುತ್ತದೆ, 7–10 ಇಳಿದರೆ ಉರಿಯೂತ ಸುಧಾರಿಸುತ್ತದೆ. 80 ಕಿಲೋ ಇರುವವರಿಗೆ 4 ಕಿಲೋ ಮೊದಲ ಗುರಿ, ಆರು ತಿಂಗಳ ಅವಧಿ ಇಟ್ಟುಕೊಳ್ಳಿ. ಆತುರಪಟ್ಟು ಊಟ ಬಿಟ್ಟರೆ ದೇಹ ಟಿ3 ತಗ್ಗಿಸಿ ಖರ್ಚು ಕಡಿಮೆ ಮಾಡುತ್ತದೆ. ಹಿರಿಯರಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಅದನ್ನು ಮತ್ತೆ ಕಟ್ಟುವುದು ಬಲು ಕಷ್ಟ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರದ ಅಭ್ಯಾಸ ಜೊತೆಗಿರಲಿ.

ಪೂರಕಗಳ ವಿಷಯದಲ್ಲಿ ಕೈ ಬಿಗಿ ಇರಲಿ. ಕಡಲಕಳೆಯ ಮಾತ್ರೆಗಳಲ್ಲಿ ಅಯೋಡಿನ್ ಎಷ್ಟಿದೆ ಎಂಬುದಕ್ಕೆ ಲಗಾಮಿಲ್ಲ, ಹೆಚ್ಚಾದರೆ ಗ್ರಂಥಿ ಎರಡೂ ದಿಕ್ಕಿಗೆ ಕೆಡಬಲ್ಲದು. ಸೆಲೆನಿಯಂ ದಿನಕ್ಕೆ ಬೇಕಿರುವುದು 55 ಮೈಕ್ರೋಗ್ರಾಂ, 400 ದಾಟಬಾರದು. ಅಶ್ವಗಂಧದ ಸಾರ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅದರಿಂದ ಲಿವರಿಗೆ ಪೆಟ್ಟಾಗಿ ಕಾಮಾಲೆ ಬಂದ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ಕಾಯಿಲೆ ಇರುವವರು ಅದನ್ನು ತಾವಾಗಿ ಶುರುಮಾಡಬಾರದು. ಹಸಿರು ಚಹಾದ ಗಾಢ ಸಾರವಿರುವ ತೂಕ ಇಳಿಸುವ ಗುಳಿಗೆಗಳೂ ಲಿವರನ್ನು ಕೆಡಿಸಿದ್ದುಂಟು.

ವೈದ್ಯರ ಬಳಿ ಹೋಗುವಾಗ

ಒಂದೇ ಹಾಳೆಯಲ್ಲಿ ಕಾಲಂ ಎಳೆದು ಬರೆಯಿರಿ: ತಾರೀಕು, ರಕ್ತ ಕೊಟ್ಟ ಹೊತ್ತು, ತೂಕ, ಟಿಎಸ್‌ಎಚ್, ಫ್ರೀ ಟಿ4, ಎಎಸ್‌ಟಿ, ಎಎಲ್‌ಟಿ, ಎಎಲ್‌ಪಿ, ಪ್ಲೇಟ್‌ಲೆಟ್, ಎಲ್‌ಡಿಎಲ್, ಆ ದಿನ ನಡೆಯುತ್ತಿದ್ದ ಮಾತ್ರೆಯ ಪ್ರಮಾಣ. ಕೊನೆಯ ಕಾಲಮಿನಲ್ಲಿ ಆ ಅವಧಿಯಲ್ಲಿ ಹೊಸದಾಗಿ ಸೇರಿದ ಅಥವಾ ಬಿಟ್ಟ ಔಷಧ, ಪೂರಕ, ಬಂದ ಕಾಯಿಲೆ. ಮಾತ್ರೆಯ ಪ್ರಮಾಣ ಬದಲಾಗುತ್ತಿರುವಾಗ 6–8 ವಾರಕ್ಕೊಂದು ಸಾಲು, ಸ್ಥಿರವಾದ ಮೇಲೆ 6–12 ತಿಂಗಳಿಗೊಂದು ಸಾಲು ಸಾಕು. ಮೂರ್ನಾಲ್ಕು ಸಾಲು ತುಂಬುವ ಹೊತ್ತಿಗೆ ಯಾವ ಅಂಕಿ ಯಾವುದರ ಹಿಂದೆ ಓಡುತ್ತಿದೆ ಎಂಬುದು ಕಣ್ಣಿಗೇ ಕಾಣತೊಡಗುತ್ತದೆ.

ಮುಂದಿನ ಭೇಟಿಗೆ ಕಾಯದೆ ಹೊರಡಬೇಕಾದ ಸಂದರ್ಭಗಳನ್ನು ಅದೇ ಹಾಳೆಯ ಹಿಂಬದಿಗೆ ಬರೆದಿಡಿ, ಮನೆಯವರಿಗೂ ಕಾಣುವಂತೆ. ಎದೆನೋವು, ಕೂತಲ್ಲೇ ಎದೆಬಡಿತ ಓಡುವುದು ಅಥವಾ ಲಯ ತಪ್ಪುವುದು. ಕಣ್ಣು ಹಳದಿಯಾಗುವುದು. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ. ಥೈರಾಯ್ಡ್ ಕಡಿಮೆ ಇರುವವರು ಮೈ ತಣ್ಣಗಾಗಿ, ಮಾತು ತೊದಲಿ, ಎಬ್ಬಿಸಿದರೂ ಏಳದಷ್ಟು ಮಂಪರಿಗೆ ಜಾರುವುದು. ಸಿರೋಸಿಸ್ ಇರುವವರಲ್ಲೂ ಮಂಪರು ಬರುತ್ತದೆ, ಮನೆಯಲ್ಲಿ ನೋಡಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ, ಆ ಹಾಳೆಯನ್ನು ಜೊತೆಗೆ ಒಯ್ಯಿರಿ.